ಕೋಗಿಲಿನ ಚದುರಂಗ ಚಾಣಕ್ಯ

ಕೋಗಿಲಿನ ನಮ್ಮ ಲೇಔಟ್ ಎದ್ದಿರುವುದು ಅಶ್ವತ್ಥನ ಅಪ್ಪ ಚಿಕ್ಕಬೈರಪ್ಪನ ರಾಗಿ ಹೊಲದ ಮೇಲೆ. ಅದೊಂದೇ ಕಾರಣಕ್ಕೆ ಪಾರ್ಕಿನ ಚೆಸ್ ಬೋರ್ಡೂ ತನ್ನದೇ ಅಂತ ಅಶ್ವತ್ಥ ನಂಬಿದ್ದ. ಐವತ್ತು ದಾಟಿದ ಮನುಷ್ಯ, ಬರುತ್ತಿದ್ದುದು ಒಂದೇ ಆಟ: ಮಂತ್ರಿಯನ್ನು ಎರಡನೇ ನಡೆಗೇ ಹೊರಗೆಳೆದು 'ಚೆಕ್' ಅಂತ ಕೂಗುವುದು. ಅವನ ಮನೆಗಳಲ್ಲಿ ಬಾಡಿಗೆಗಿದ್ದ ನಾವು ಪ್ರತಿ ಭಾನುವಾರ ಸೋಲುತ್ತಿದ್ದೆವು. ಕೆಲವರು ಆಟ ಬಾರದೆ, ಉಳಿದವರು ಎದೆಗಾರಿಕೆ ಇಲ್ಲದೆ. ನಾನು ಎರಡನೇ ಗುಂಪು.

ಹೋದ ವರ್ಷ ಬಸ್ ಕಂಡಕ್ಟರ್ ವನಿತಾ ಅವನೆದುರು ಕೂತರು. ಆಕೆ ಚೆಕ್ ಕೊಡುವ ಗೋಜಿಗೇ ಹೋಗಲಿಲ್ಲ. ಅಶ್ವತ್ಥನ ಪ್ಯಾದೆಗಳು ಮುಂದಕ್ಕೋಡಿ ಕಾವಲಿಲ್ಲದೆ ಬಿಟ್ಟ ಮನೆಗೆ ಕುದುರೆಯನ್ನು ಸುತ್ತಿಸಿ ತಂದು ಕೂರಿಸಿದರು.

"ಏನಮ್ಮಾ, ಇಂಗಾಡಿದ್ರೆ ಸಂಜೆ ಆಗೋಗ್ತದೆ," ಎಂದು ಅಶ್ವತ್ಥ ನಕ್ಕ. ವಾಡಿಕೆಯಂತೆ ನಾವೂ ನಕ್ಕೆವು.

"ಆಗ್ಲಿ ಬಿಡಿ ಸಾರ್. ಈ ಕುದುರೇನ ಓಡ್ಸೋಕೆ ನಿಮ್ಮತ್ರ ಒಂದು ಪ್ಯಾದೇನೂ ಉಳಿದಿಲ್ಲ."

ಅರ್ಧ ಗಂಟೆಯಲ್ಲಿ ಅವನ ಕಾಯಿಗಳು ಒಂದಕ್ಕೊಂದು ಅಡ್ಡ ನಿಂತು ಉಸಿರು ಕಟ್ಟಿದವು. ಸೋತ.

ಮರುವಾರ ವನಿತಾ ಜೊತೆ ನಾನೊಬ್ಬನೇ ಇದ್ದಾಗ ಅಶ್ವತ್ಥ ಬಂದು, "ನಂಗೂ ಏಳ್ಕೊಡಮ್ಮ," ಅಂತ ಆಕೆಯನ್ನು ಕೇಳಿದ.

"ಪ್ರತಿ ನಡೆಗೂ ಮುಂಚೆ, ಸುಮ್ನೆ ಕೂತಿರೋ ಕಾಯಿ ಯಾವ್ದು ಅಂತ ನೋಡಿ ಸಾರ್. ಅದಕ್ಕೊಂದು ಕೆಲ್ಸ ಕೊಡಿ. ಚೆಕ್ ಆಮೇಲೆ."

ಅವನು ಬಹಳ ಹೊತ್ತು ನೋಡಿ, ಮೂಲೆಯ ಆನೆಯನ್ನು ಮುಟ್ಟಿದ. "ಇದು ಯಾವತ್ತೂ ಆಚೆ ಬಂದೇ ಇಲ್ಲ ಕಣಮ್ಮ."

ಆ ಒಂದು ನಿಮಿಷ ನನಗೆ ಅವನ ಮೇಲೆ ಗೌರವ ಹುಟ್ಟಿತ್ತು. ಆ ಗೌರವ ಬಹಳ ದಿನ ಬಾಳಲಿಲ್ಲ.

ನಾಲ್ಕು ತಿಂಗಳು ವನಿತಾ ಹತ್ತಿರ ಕಲಿತು, ಯಲಹಂಕದ ಒಂದು ಟೂರ್ನಮೆಂಟಿಗೆ ಹೋದ. ಐದು ಆಟಗಳಲ್ಲಿ ನಾಲ್ಕು ಸೋತ. ಗೆದ್ದ ಒಂದನ್ನು ನಾನೇ ನಿಂತು ನೋಡಿದೆ: ಎದುರಾಳಿಯ ಒಂಟಿ ಪ್ಯಾದೆಯ ಮೇಲೆ ಒಂದೊಂದೇ ಕಾಯಿ ಗುರಿಯಿಟ್ಟು, ಅವಸರವಿಲ್ಲದೆ ಹಿಂಡಿ ಗೆದ್ದಿದ್ದ. ಸುಳ್ಳೇಕೆ, ಚಂದದ ಆಟ.

ಮೂರನೇ ದಿನಕ್ಕೆ ರಸ್ತೆ ತಿರುವಿನಲ್ಲಿ ಫ್ಲೆಕ್ಸ್ ಎದ್ದಿತು. ಕೈಮುಗಿದ ಅಶ್ವತ್ಥ, ತಲೆ ಮೇಲೆ ಕಿರೀಟ, 'ಚದುರಂಗ ಚಾಣಕ್ಯನಿಗೆ ಅಭಿನಂದನೆಗಳು'. ಕೆಳಗೆ ಅಭಿಮಾನಿಗಳ ಸಾಲಿನಲ್ಲಿ ನನ್ನ ಫೋಟೋ. ನನ್ನನ್ನು ಕೇಳಿ ಹಾಕಿದ್ದಲ್ಲ. ತೆಗೆಸಿ ಅಂತ ನಾನೂ ಬಾಯಿ ಬಿಡಲಿಲ್ಲ. ವನಿತಾ ಹೆಸರು ಎಲ್ಲೂ ಇರಲಿಲ್ಲ.

ಭಾನುವಾರ ಆಕೆ ಪಾರ್ಕಿಗೆ ಬಂದರು. ಜನ ಸೇರಿದ್ದರು. ಅಶ್ವತ್ಥ ಎಲ್ಲರಿಗೂ ಕೇಳುವಂತೆ, "ಬಾಮ್ಮ, ನೀನೂ ಪರವಾಗಿಲ್ಲ ಆಡ್ತೀಯ. ಒಂದೆರಡು ಪಟ್ಟು ಏಳ್ಕೊಡ್ತೀನಿ," ಅಂದ.

ವನಿತಾ ಒಮ್ಮೆ ಅವನನ್ನು, ಒಮ್ಮೆ ನಮ್ಮನ್ನು ನೋಡಿದರು. "ಡ್ಯೂಟಿ ಇದೆ ಸಾರ್," ಎಂದು ಹೊರಟುಹೋದರು.

ಈಗ ಆಕೆ ಮತ್ತಿಕೆರೆಯಲ್ಲಿ ಕಾಲೇಜು ಹುಡುಗಿಯರ ಜೊತೆ ಆಡುತ್ತಾರಂತೆ. ಇಲ್ಲಿ ಅಶ್ವತ್ಥ ತಾಳ್ಮೆಯ ಮಹತ್ವದ ಬಗ್ಗೆ ಭಾಷಣ ಮಾಡುತ್ತಾನೆ. ನಾವು ತಲೆಯಾಡಿಸುತ್ತೇವೆ.