ಹೊಳೆಗೆ ಹೋಗದ ಮೀನು

ಆ ಮೀನನ್ನು ಕೊಯ್ದವಳು ನಾನು. ಹೊಳೆಗೆ ಬಿಟ್ಟೆ ಎಂದು ಸುಳ್ಳು ಹೇಳಿದವಳೂ ನಾನೇ. ನಿನ್ನೆ ಮಗಳು ಮೀನಿನ ಸಾರಿಗೆ ಹುಣಸೆರಸ ಹಿಂಡಿದಳು. ಆ ವಾಸನೆಗೆ ಎಲ್ಲ ವಾಪಸು ಬಂತು.

ಆಗ ಇಲ್ಲಿ, ಐರ್ಲೆಂಡಿನ ಅತ್ಲೋನ್‌ನಲ್ಲಿ, ನಮ್ಮ ಪಕ್ಕದ ಮನೆಯಲ್ಲಿದ್ದವಳು ಒಬ್ಬ ನರ್ಸು, ಮಣಿಪುರದ ಮೈತೇಯಿ ಹೆಂಗಸು. ಬೆಂಗಳೂರಿನ ಆಸ್ಪತ್ರೆಯಲ್ಲಿ ಕಲಿತ ಕನ್ನಡ ಅವಳದು. ಹೊಳೆದಂಡೆಯಲ್ಲಿ ಗಾಳ ಹಾಕುವ ಮುದುಕ ಕೊಟ್ಟ ಮೀನನ್ನು ನಮ್ಮ ಹಿಂಬಾಗಿಲಲ್ಲಿ ಇಟ್ಟು ಡ್ಯೂಟಿಗೆ ಹೋಗುತ್ತಿದ್ದಳು. ನಾನು ಸಾರು ಮಾಡಿ ಅರ್ಧ ಅವಳಿಗೆ ಕೊಡುತ್ತಿದ್ದೆ. ಹೇಳುವುದು ಕೇಳುವುದು ಏನೂ ಇರಲಿಲ್ಲ.

ಬಟ್ಟೆ ಒಣಹಾಕುವಾಗ ಅವರ ಕಡೆಯ ಕತೆ ಹೇಳುವಳು. ಸತ್ತ ತಾಯಿ ಆಮೆಯಾಗಿ ಮಗಳ ಹತ್ತಿರ ಬಂದಳಂತೆ. ಮಲತಾಯಿ ಆ ಆಮೆಯನ್ನು ಮಗಳ ಕೈಯಲ್ಲೇ ಬೇಯಿಸಿದಳಂತೆ. ನೀರು ಕಾಯುತ್ತಿದ್ದಂತೆ ಆಮೆ ಮಾತಾಡಿತಂತೆ...

“ಬೇಯೋ ಆಮೆ ಮಾತಾಡುತ್ತೇನೇ? ನಿನ್ನ ತಲೆ!” ಎಂದು ನಕ್ಕಿದ್ದೆ.

“ನಿಮಗೆ ಕೇಳಿಸಲ್ಲ ಅಜ್ಜಿ, ಅಷ್ಟೇ.”

ಆ ದಿನ ಅವಳು ಇಟ್ಟುಹೋದ ಬಕೆಟ್ಟಿನಲ್ಲಿ ಮೀನು ಇನ್ನೂ ಆಡುತ್ತಿತ್ತು. ತಾಜಾ ಸಿಕ್ಕಿತೆಂದು ಖುಷಿಯಾಗಿ ಕೊಯ್ದೆ. ಸಂಜೆ ಅವಳು ಯೂನಿಫಾರ್ಮಿನಲ್ಲೇ ಓಡಿಬಂದಳು.

“ಅಜ್ಜಿ, ಮೀನೆಲ್ಲಿ? ಊರಲ್ಲಿ ಅಮ್ಮಂಗೆ ತುಂಬಾ ಸೀರಿಯಸ್ ಐತೆ. ನಮ್ಮಲ್ಲಿ ಕಾಯಿಲೆಯವರ ಹೆಸರು ಹೇಳಿ ಮೀನನ್ನ ನೀರಿಗೆ ಬಿಡ್ತೀವಿ. ಅವರ ಗಂಡಾಂತರ ಅದು ತಗೊಂಡು ಹೋಗುತ್ತೆ. ಡ್ಯೂಟಿ ಮುಗಿಸಿ ಬಿಡೋಣ ಅಂತ ಇಟ್ಟಿದ್ದೆ.”

ನನ್ನ ಬೆನ್ನ ಹಿಂದೆ ಸಾರು ಕೊತಕೊತ ಕುದಿಯುತ್ತಿತ್ತು.

“ಬಕೆಟ್ಟಲ್ಲಿ ಒದ್ದಾಡ್ತಿತ್ತು ಕಣೇ. ಹೊಳೆಗೆ ಬಿಟ್ಟುಬಂದೆ,” ಎಂದೆ.

“ಈಜ್ತಾ?”

“ಈಜ್ತು. ತಿರುಗಿ ಸಹ ನೋಡಲಿಲ್ಲ.”

ಅವಳು ಒಲೆಯ ಕಡೆ ನೋಡಿದಳು. ಮೀನು ತಿಂದು ಬೆಳೆದವಳ ಮೂಗಿಗೆ ಆ ವಾಸನೆ ತಿಳಿಯದೆ ಇರುತ್ತದೆಯೇ... “ಥ್ಯಾಂಕ್ಸ್ ಅಜ್ಜಿ,” ಎಂದಳು. ಆವತ್ತು ಸಾರು ಒಯ್ಯಲಿಲ್ಲ.

ಮೂರನೆಯ ದಿನ ಅವಳ ತಾಯಿ ತೀರಿಕೊಂಡಳು. ಕಾಯಿಲೆಯಿಂದ ಸತ್ತಳು, ಮೀನಿನಿಂದಲ್ಲ. ಅಷ್ಟು ಬುದ್ಧಿ ನನಗಿದೆ. ಊರಿಗೆ ಹೋದ ಅವಳು ಹಿಂದಿರುಗಲಿಲ್ಲ. ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ. ಬಕೆಟ್ಟು ನಮ್ಮಲ್ಲೇ ಉಳಿಯಿತು. ನಿನ್ನೆಯೂ ಸಾರು ಕುದಿ ಬಂದಾಗ ನಾನು ಎದ್ದು ಒಲೆ ಆರಿಸಿದೆ. “ಇನ್ನೂ ಬೆಂದಿಲ್ಲಮ್ಮ!” ಎಂದು ಮಗಳು ರೇಗಿದಳು.

ಆ ಸುಳ್ಳು ಹೇಳಿದ ಮಾರನೆಯ ಬೆಳಿಗ್ಗೆ ನಾನು ಅದೇ ಬಕೆಟ್ಟು ಹಿಡಿದು ಗಾಳದ ಮುದುಕನ ಹತ್ತಿರ ಹೋಗಿದ್ದೆ. ಕೈಸನ್ನೆ ಮಾಡಿ ಜೀವವಿದ್ದ ಮೀನೊಂದನ್ನು ಪಡೆದೆ. ನೀರಿಗೆ ಇಳಿದು ಬಕೆಟ್ಟು ಬಗ್ಗಿಸಿದೆ. ಹೆಸರು ಹೇಳಬೇಕಿತ್ತು... ಅವಳ ತಾಯಿಯ ಹೆಸರು ನಾನು ಒಂದು ದಿನವೂ ಕೇಳಿರಲಿಲ್ಲ.