ಇಳಿತದ ಹೊತ್ತಿನ ದಡ

ನಮ್ಮ ಕಚೇರಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಗೆರೆಯಮ್ಮ ಎಂದು. ಉಪಗ್ರಹ ತೆಗೆದ ಚಿತ್ರಗಳ ಮೇಲೆ, ಸಮುದ್ರ ಮುಗಿದು ನೆಲ ಶುರುವಾಗುವ ಕಡೆ ಗೆರೆ ಎಳೆಯುವುದು ಅವಳ ಕೆಲಸ. ಪಕ್ಕದ ಮೇಜಿನಲ್ಲಿ ನಾನು ಕಾಡುಗಳ ಗಡಿ ಎಳೆಯುತ್ತೇನೆ. ಭೂಮಿ ಬಿಸಿಯಾಗಿ ಸಮುದ್ರ ಏರುತ್ತಿದೆಯಲ್ಲ, ಯಾವ ಬೀದಿಯವರನ್ನು ಮೊದಲು ಒಳಗಿನ ಊರಿಗೆ ಸಾಗಿಸಬೇಕು ಎಂದು ಮೇಲಿನವರು ತೀರ್ಮಾನಿಸುವುದು ಅವಳ ಗೆರೆ ನೋಡಿ. ಅವಳೋ ಎಳೆದದ್ದನ್ನು ಅಳಿಸಿ ಮತ್ತೆ ಎಳೆಯುವವಳು. "ಹುಬ್ಬು ತಿದ್ದೋಕೂ ಇಷ್ಟು ಹೊತ್ತು ಬೇಡ ಕಣೇ" ಎಂದು ರೇಗಿಸುತ್ತಿದ್ದೆ.

ತಾಯಿಯಿಲ್ಲದ ಅವಳನ್ನು ಮೀನು ಮಾರಿ ಓದಿಸಿದ್ದು ಚಿಕ್ಕಮ್ಮ. ಆಕೆಯ ಮನೆ ದಡದ ಕೊನೆಯ ಬೀದಿಯಲ್ಲಿತ್ತು.

"ಬಾವಿ ನೀರು ಉಪ್ಪಾಗಿದೆ ಕಣೇ. ಬೀದಿಯವರೆಲ್ಲ ಗಂಟುಮೂಟೆ ಕಟ್ತಾ ಇದಾರೆ" ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದ ವರ್ಷವೇ ನಮಗೆ ಗ್ರಹಚಾರ ಕೆಟ್ಟಿತು. ಬಂದ ಚಿತ್ರಗಳಲ್ಲೆಲ್ಲ ಮೋಡ. ಶುಭ್ರವಾಗಿದ್ದದ್ದು ಒಂದೇ, ಅದೂ ಇಳಿತದ ಹೊತ್ತಿನದು. ನೀರು ಹಿಂದೆ ಸರಿದು ಮರಳು ಉದ್ದಕ್ಕೂ ತೆರೆದಿತ್ತು. ನೀರಿನ ಅಂಚಿಗೇ ಗೆರೆ ಎಳೆಯಬೇಕೆಂಬುದು ನಮ್ಮ ನಿಯಮ. ನಿಯಮದಂತೆ ಎಳೆದರೆ ದಡ ಬೆಳೆದಿತ್ತು!

"ಸರ್, ಇದು ಇಳಿತ. ನೀರು ಮತ್ತೆ ಬರುತ್ತೆ. ಅಲ್ಲಿ ಬಾವೀನೇ ಉಪ್ಪಾಗಿದೆ" ಎಂದು ಅವಳು ಸಾಹೇಬರ ಮುಂದೆ ನಿಂತಳು.

"ಚಿತ್ರದಲ್ಲಿ ಬಾವಿ ರುಚಿ ಗೊತ್ತಾಗುತ್ತೇನಮ್ಮಾ? ಕಂಡದ್ದನ್ನ ಎಳಿ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಸಾಹೇಬರು ನಕ್ಷೆಯ ತಳದಲ್ಲಿ, ಇದು ಇಳಿತದ ಹೊತ್ತಿನ ಚಿತ್ರವೆಂದು ಇರುವೆ ಗಾತ್ರದ ಅಕ್ಷರದ ಟಿಪ್ಪಣಿ ಹಾಕಿಸಿದರು. ಅದನ್ನು ಯಾವ ಪುಣ್ಯಾತ್ಮ ಓದುತ್ತಾನೆ? ಚಿಕ್ಕಮ್ಮನ ಬೀದಿಯ ಸರದಿ ಹಿಂದಕ್ಕೆ ಹೋಯಿತು.

ಗೆರೆಯಮ್ಮ ಫೋನು ಮಾಡಿ ಅಂಗಲಾಚಿದಳು. "ಹೊರಟು ಬಾ ಚಿಕ್ಕಮ್ಮ. ನಕ್ಷೆ ನಂಬಬೇಡ."

ಚಿಕ್ಕಮ್ಮ ನಕ್ಕಳು. "ನೀನೆಳೆದ ಗೆರೇನ ನೀನೇ ನಂಬಲ್ವಾ? ನಮ್ಮ ಹುಡುಗಿ ಆಕಾಶದಿಂದ ನೋಡಿ ಹೇಳಿದಾಳೆ, ದಡ ಬೆಳೆದಿದೆ ಅಂತ ಎಲ್ಲರಿಗೂ ಹೇಳಿದೀನಿ. ಪಕ್ಕದ ಮನೆಯವರು ಕಟ್ಟಿದ ಗಂಟು ಬಿಚ್ಚಿದರು."

ಮುಂದಿನ ಬಿರುಗಾಳಿ ಉಬ್ಬರದ ಹೊತ್ತಿಗೇ ಬಂತು. ಬೀದಿಗೆ ಬೀದಿಯೇ ಹೋಯಿತು. ಪಕ್ಕದ ಮನೆಯ ದೋಣಿ ಬಡಗಿ ಸಿಗಲೇ ಇಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಇಳಿತದ ಚಿತ್ರ ಬಳಸಕೂಡದೆಂದು ನಮ್ಮಲ್ಲಿ ಆಮೇಲೆ ಹೊಸ ನಿಯಮ ಬಂತು. ಅದನ್ನು ಓದಿ ನನಗೆ ಮೈಯೆಲ್ಲ ಉರಿಯಿತು.

ಬದುಕುಳಿದವರನ್ನು ಶಾಲೆಯೊಂದರಲ್ಲಿ ಇರಿಸಿದ್ದರು. ನಾನೂ ಅವಳ ಜೊತೆ ಹೋಗಿದ್ದೆ. ಒದ್ದೆ ಚಾಪೆಯ ಮೇಲೆ ಕೂತಿದ್ದ ಚಿಕ್ಕಮ್ಮನ ಮಡಿಲಿಗೆ ಬಿದ್ದು ಅವಳು, "ಬೈಯಿ ಚಿಕ್ಕಮ್ಮ, ಹೊಡಿ" ಎಂದು ಅತ್ತಳು.

"ತಪ್ಪು ನಂದು ಕಣೇ. ಹೊರಟವರನ್ನ ತಡೆದದ್ದು ನಾನು" ಎಂದು ಚಿಕ್ಕಮ್ಮ ಅವಳ ತಲೆ ಸವರಿದಳು.

ಆಚೆ ಚಾಪೆಯಲ್ಲಿದ್ದ ಬಡಗಿಯ ಹೆಂಡತಿ ಎದ್ದು ಬಂದಳು. ಈಗ ಬೈಗುಳದ ಮಳೆಯೇ ಎಂದುಕೊಂಡೆ. ಅವಳು ಬೈಯಲಿಲ್ಲ. ಗೆರೆಯಮ್ಮನ ಕೈ ಹಿಡಿದು ಪಕ್ಕದಲ್ಲಿ ಕೂತಳು.

"ಮೇಲಿಂದ ಎಲ್ಲಾ ಕಾಣುತ್ತಂತಲ್ಲ ತಂಗಿ. ನಮ್ಮವರು ಎಲ್ಲಿದಾರೆ, ಸ್ವಲ್ಪ ನೋಡಿ ಹೇಳ್ತೀಯಾ?"

ನಮ್ಮ ಚಿತ್ರಗಳಲ್ಲಿ ಒಂದು ಮನೆಯೆಂದರೆ ಒಂದು ಚುಕ್ಕಿ. ಮನುಷ್ಯ ಕಾಣುವುದಿಲ್ಲ. ಗೆರೆಯಮ್ಮನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು.

"ನೋಡ್ತೀನಿ ಅಕ್ಕ" ಎಂದಳು.