ಕರಿದ ಎಣ್ಣೆಯ ಡಬ್ಬಿ

ನಮ್ಮ ಅಡುಗೆಮನೆಯಲ್ಲಿ ಒಲೆಯ ಪಕ್ಕಕ್ಕೆ ಒಂದು ಸ್ಟೀಲ್ ಡಬ್ಬಿ ಇತ್ತು. ಬಾಯಿಗೆ ಜಾಲರಿ, ಜಾಲರಿಯ ಮೇಲೆ ಮುಚ್ಚಳ. ನಮ್ಮ ಕಡೆ ಈ ಡಬ್ಬಿ ಇಲ್ಲದ ಮನೆಯನ್ನು ನಾನಂತೂ ಕಂಡಿಲ್ಲ. ಮಿರ್ಚಿ ಕರಿದಾಗ, ದೀಪಾವಳಿಗೆ ಚಕ್ಕುಲಿ ಕರಿದಾಗ ಬಾಣಲೆಯಲ್ಲಿ ಉಳಿದ ಎಣ್ಣೆ ಆರಿದ ಮೇಲೆ ಸೋಸಿ ಇದಕ್ಕೆ ಇಳಿಯುತ್ತದೆ. ಆಮೇಲೆ ವಾರಗಟ್ಟಲೆ ಒಗ್ಗರಣೆಗೆ, ಪಲ್ಯಕ್ಕೆ, ಇನ್ನೊಂದು ಸಲ ಕರಿಯುವುದಕ್ಕೆ ಒದಗುತ್ತದೆ. ಎಣ್ಣೆ ಚೆಲ್ಲುವುದೆಂದರೆ ನಮ್ಮ ಹೆಂಗಸರಿಗೆ ಅನ್ನ ಚೆಲ್ಲಿದಷ್ಟೇ ಸಂಕಟ. ಈ ಡಬ್ಬಿಯ ಜೊತೆಗೇ ನಾನು ಹುಟ್ಟಿ ಬೆಳೆದು ಮುದುಕನಾದೆ. ಅದರ ಬಗ್ಗೆ ಬರೆಯುವ ಪ್ರಸಂಗ ಬರುತ್ತದೆ ಎಂದುಕೊಂಡಿರಲಿಲ್ಲ.

ನಾನು ಜೀವಶಾಸ್ತ್ರದ ಮಾಸ್ತರ. ಧಾರವಾಡದ ಕೆಲಗೇರಿಯಲ್ಲಿ ಮನೆ, ಹುಬ್ಬಳ್ಳಿಯ ಕಾಲೇಜಿನಲ್ಲಿ ನೌಕರಿ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಕೂದಲು ಬೆಳ್ಳಗಾದವು. ಎಲ್ಲ ಮಾಸ್ತರರಿಗೂ ಒಂದು ಪಾಠ ಕೈವಶವಾಗಿರುತ್ತದೆ, ಅದನ್ನು ಹೇಳುವ ದಿನ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಾರೆ. ನನ್ನದು ರಕ್ತನಾಳದ ಒಳಪದರದ ಪಾಠ. ಬೋರ್ಡಿನ ಮೇಲೆ ದೊಡ್ಡ ನಾಳ ಬರೆದು, ಅದರ ಒಳಗೋಡೆಗೆ ತೆಳ್ಳಗೆ ಒಂದೇ ಒಂದು ಗೆರೆ ಎಳೆಯುತ್ತಿದ್ದೆ. ಇದು ಒಂದೇ ಜೀವಕೋಶದಷ್ಟು ದಪ್ಪದ ಹಾಸು, ಆದರೆ ಸುಮ್ಮನೆ ಬಿದ್ದುಕೊಂಡಿರುವ ಹಾಸಲ್ಲ ಎನ್ನುತ್ತಿದ್ದೆ. ಈ ಕೋಶಗಳು ಗಳಿಗೆಗಳಿಗೆಗೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಚೂರುಚೂರೇ ಹುಟ್ಟಿಸುತ್ತವೆ. ಅದು ಹೊರಗಿನ ಸ್ನಾಯುವಿಗೆ ಹೋಗಿ ಸ್ವಲ್ಪ ಸಡಿಲಾಗು ಎನ್ನುತ್ತದೆ. ನಾಳ ಹಿಗ್ಗುತ್ತದೆ, ರಕ್ತ ಸರಾಗ ಹರಿಯುತ್ತದೆ, ನಾವು ಬಸ್ಸು ಹಿಡಿಯಲು ಓಡುತ್ತೇವೆ.

ಇನ್ನು ಕಥೆಯ ಖಳರು. ಜೋಡಿ ತಪ್ಪಿದ ಎಲೆಕ್ಟ್ರಾನ್ ಹೊತ್ತು ಅಲೆಯುವ ಪುಂಡ ಕಣಗಳು. ನಾವು ಉಸಿರಾಡುವುದರಿಂದಲೇ ಇವು ಹುಟ್ಟುತ್ತವೆ, ಇವನ್ನು ಸುಮ್ಮನಾಗಿಸುವ ವ್ಯವಸ್ಥೆಯೂ ಮೈಯೊಳಗೇ ಇದೆ. ತಂಬಾಕು, ಏರಿದ ಸಕ್ಕರೆ, ಮತ್ತೆಮತ್ತೆ ಕಾಯಿಸಿದ ಎಣ್ಣೆ, ಇಂಥವು ಸೇರಿ ಪುಂಡರ ಕೈ ಮೇಲಾದಾಗ ಅದಕ್ಕೆ ಪುಸ್ತಕದಲ್ಲಿ ಉತ್ಕರ್ಷಣದ ಒತ್ತಡ ಎಂಬ ಘನವಾದ ಹೆಸರಿದೆ. ಪುಂಡರು ಮೊದಲು ಆ ಅನಿಲವನ್ನೇ ದಾರಿಯಲ್ಲಿ ಅಡ್ಡಗಟ್ಟಿ ಕೆಡಿಸುತ್ತಾರೆ. ಸಡಿಲಾಗು ಎಂಬ ಮಾತು ಸ್ನಾಯುವಿಗೆ ಮುಟ್ಟುವುದಿಲ್ಲ, ನಾಳ ಬಿಗಿಯುತ್ತದೆ. ನುಣುಪಾಗಿದ್ದ ಹಾಸು ಅಂಟಂಟಾಗಿ ಕೊಬ್ಬು ಒಳಗೆ ಸೇರಿ ಕೂರುತ್ತದೆ. ಇಷ್ಟೆಲ್ಲ ನಡೆದರೂ ಹೊರಗೆ ಒಂದು ಸಪ್ಪಳವಿಲ್ಲ.

ಪಾಠದ ಕೊನೆಗೆ ನನ್ನ ನಾಟಕ ಒಂದಿರುತ್ತಿತ್ತು. ಚೀಲದಿಂದ ಸಣ್ಣ ಬಾಟಲಿ ತೆಗೆದು ಮುಂದಿನ ಬೆಂಚಿಗೆ ಕೊಡುತ್ತಿದ್ದೆ. ಹುಡುಗಿಯರು ಮೂಸಿ ನೋಡಿ, ಸೆರಗೋ ದುಪಟ್ಟಾವೋ ಕೈಗೆ ಸಿಕ್ಕಿದ್ದನ್ನು ಮೂಗಿಗೆ ಒತ್ತಿಕೊಳ್ಳುತ್ತಿದ್ದರು. ಹಳೆಯ ಕರಿದ ಎಣ್ಣೆಯ ಕಮಟು. "ಇದನ್ನ ನಿಮ್ಮ ನಾಳ ಮೂಸಿ ನೋಡಂಗಿಲ್ಲ, ಸೀದಾ ಒಳಗ ಕರಕೋತದ" ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಆ ಬಾಟಲಿಯನ್ನು ಬೆಳಿಗ್ಗೆ ನಮ್ಮ ಮನೆಯ ಡಬ್ಬಿಯಿಂದಲೇ ತುಂಬಿಕೊಂಡು ಹೋಗಿರುತ್ತಿದ್ದೆ. ಸಂಜೆ ಮನೆಗೆ ಬಂದು ಚುರುಮುರಿಯ ಗಿರ್ಮಿಟ್ಟಿನ ಜೊತೆ ನಾಲ್ಕು ಮಿರ್ಚಿ ತಿನ್ನುತ್ತಿದ್ದೆ. ಬೆಳಗಿನ ನಾನೂ ಸಂಜೆಯ ನಾನೂ ಒಬ್ಬರಿಗೊಬ್ಬರು ಪರಿಚಯವಿಲ್ಲದವರಂತೆ ಬಾಳಿದೆವು.

ನಿವೃತ್ತಿಯಾದ ಎರಡನೇ ವರ್ಷ ನನ್ನ ರಕ್ತಪರೀಕ್ಷೆಯಲ್ಲಿ ಕೊಬ್ಬು ಜಾಸ್ತಿ ಎಂದು ಬಂತು. ಆಗ ನೋಡಿ, ಪರಿಚಯವಾಯಿತು. ಊರಿಗೆಲ್ಲ ಹೇಳಿದ ಪಾಠ ನನ್ನ ಎದೆಗೇ ಬಂದಾಗ ಎಂಥ ಭಯ ಅಂತೀರಿ! ಆ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಹೆಂಡತಿ ನೀಲಾಗೆ ಪಾಠವನ್ನೆಲ್ಲ ಒಪ್ಪಿಸಿ ಕೊನೆಗೆ ಕಟ್ಟಪ್ಪಣೆ ಮಾಡಿದೆ. "ಇವತ್ತಿನಿಂದ ಈ ಡಬ್ಬ್ಯಾಗಿನ ಎಣ್ಣಿ ನನ್ನ ತಾಟಿಗೆ ಬೀಳಬಾರದು. ಹೊಸಾ ಎಣ್ಣ್ಯಾಗ ಮಾಡು."

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಆತು ಬಿಡ್ರಿ" ಎಂದಳು.

ನಾಲ್ಕು ವರ್ಷ ಹಾಗೆಯೇ ನಡೆಯಿತು. ಕೆಲಗೇರಿ ಕೆರೆಯ ದಂಡೆಯ ಮೇಲೆ ಸಂಜೆ ತಿರುಗಾಡುವಾಗ ಗೆಳೆಯರೆದುರು ನಾನು ಎಣ್ಣೆ ಬಿಟ್ಟ ಸಾಹಸವನ್ನು ಸಾಕಷ್ಟು ಕೊಚ್ಚಿಕೊಂಡೆ. ಕೊಬ್ಬು ಇಳಿಯಿತು, ನಡಿಗೆ ಚುರುಕಾಯಿತು. ಒಲೆಯ ಮೇಲೆ ಎರಡು ಬೋಗುಣಿಯಲ್ಲಿ ಎರಡು ಪಲ್ಯ ಕುದಿಯುವುದನ್ನು ಕಂಡು ಒಮ್ಮೆ ಕೇಳಿದ್ದೆ. "ನಂದು ಖಾರ ಇರತೈತ್ರಿ, ನಿಮಗ ಆಗೂದಿಲ್ಲ" ಎಂದಿದ್ದಳು. ಇರಬಹುದು ಎಂದುಕೊಂಡು ಪೇಪರ್ ಹಿಡಿದೆ. ನಮ್ಮ ಮನೆಯಲ್ಲಿ ಗಂಡಸರು ಉಂಡೆದ್ದ ಮೇಲೆ ಹೆಂಗಸರ ಊಟ. ನಾನು ಕೈ ತೊಳೆದು ಅಡ್ಡಾಗುವಾಗ ಅವಳ ತಾಟು ಬೀಳುತ್ತಿತ್ತು. ಹೀಗಾಗಿ ಮದುವೆಯಾದಾಗಿನಿಂದ ಅವಳು ಏನು ಉಣ್ಣುತ್ತಾಳೆಂದು ನಾನು ನೋಡಿದವನೇ ಅಲ್ಲ.

ಹೋದ ವರ್ಷದ ಚಳಿಗಾಲದಲ್ಲಿ ಕೆರೆಯ ದಂಡೆ ಏರುವಾಗ ಅವಳು ಎರಡೆರಡು ಸಲ ನಿಲ್ಲತೊಡಗಿದಳು. "ಎದಿ ಬಿಗದಂಗ ಆಗತೈತ್ರಿ" ಎಂದಳು. "ಅಡಗಿ ಮನ್ಯಾಗ ನಿಂತು ನಿಂತು ನಡಿಯೂ ರೂಢಿ ತಪ್ಪೇತಿ ನಿನಗ" ಎಂದು ನಾನು ಚೇಷ್ಟೆ ಮಾಡಿದೆ. ಅವಳೂ ನಕ್ಕಳು. ನಾಳ ಬಿಗಿಯುವ ಚಿತ್ರವನ್ನು ಜನ್ಮವಿಡೀ ಬರೆದವನಿಗೆ ಪಕ್ಕದಲ್ಲಿ ನಿಂತು ಬಿಗಿಯುತ್ತಿದೆ ಎಂದವಳ ಮಾತು ತಿಳಿಯಲಿಲ್ಲ. ಹದಿನೈದು ದಿನಕ್ಕೆ ಬೆಳಗಿನ ಚಹಾ ಸೋಸುತ್ತ ಕುಸಿದು ಕುಳಿತಳು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸ್ಟೆಂಟ್ ಹಾಕಿದರು. ಮೂರನೇ ದಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಂಚದ ಹತ್ತಿರ ಬಂದು, ಚೀಟಿಯ ಹಿಂದೆ ನಾಳದ ಚಿತ್ರ ಬರೆದು ತಿಳಿಸಿ ಹೇಳತೊಡಗಿದರು. ಚಿತ್ರ ನನ್ನದಕ್ಕಿಂತ ಸುಮಾರಾಗಿತ್ತು ಎಂದು ಅಂಥ ಹೊತ್ತಿನಲ್ಲೂ ನನಗೆ ಅನ್ನಿಸಿತು. ಮಾಸ್ತರಿಕೆ ಸುಲಭಕ್ಕೆ ಬಿಡುವ ರೋಗವಲ್ಲ. ಅವರು ಸಕ್ಕರೆ ಕೇಳಿದರು, ಬಿ.ಪಿ. ಕೇಳಿದರು, ಆಮೇಲೆ "ಕರದ ಎಣ್ಣಿ ತಿರುಗಿ ಬಳಸ್ತೀರೇನ್ರಿ?" ಎಂದರು.

ನಾನು ಎದೆಯುಬ್ಬಿಸಿ ಹೇಳಿದೆ: "ಇಲ್ಲರಿ, ನಮ್ಮ ಮನ್ಯಾಗ ಅದನ್ನ ಬಿಟ್ಟು ನಾಕು ವರ್ಷ ಆತು."

ನೀಲಾ ಚಾದರದ ಅಂಚು ಹಿಡಿದುಕೊಂಡು ಮೆಲ್ಲಗೆ ಹೇಳಿದಳು: "ಅವರು ಬಿಟ್ಟಾರ್ರಿ. ನಾ ನನ್ನ ಪಲ್ಲೆಕ್ಕ ಅದನ್ನ ಹಾಕ್ಕೋತೇನಿ. ಬಂದವರಿಗೆ, ಹೋದವರಿಗೆ ಕರೀತೇವಿ, ಎಣ್ಣಿ ಉಳೀತೈತಿ. ಚೆಲ್ಲಾಕ ಬರತೈತೇನ್ರಿ?" ಮೊದಲು ಇಬ್ಬರು ಕೂಡಿ ಮುಗಿಸುತ್ತಿದ್ದ ಡಬ್ಬಿಯನ್ನು ನಾಲ್ಕು ವರ್ಷ ಅವಳೊಬ್ಬಳೇ ಮುಗಿಸಿದ್ದಳು.

ಡಾಕ್ಟರಮ್ಮ ನನ್ನ ಮುಖ ನೋಡಿ ಕನಿಕರಪಟ್ಟಿರಬೇಕು. "ಎಣ್ಣಿ ಒಂದರಿಂದನ ಅಂತ ಹೇಳಾಕ ಬರಂಗಿಲ್ಲರಿ ಸರ್. ವಯಸ್ಸೈತಿ, ಸಕ್ಕರಿ ಐತಿ, ಹತ್ತು ಕಾರಣ ಇರತಾವು" ಎಂದರು. ಅದು ನಿಜ, ಶಾಸ್ತ್ರವೂ ಅದನ್ನೇ ಹೇಳುತ್ತದೆ. ಆದರೆ ನನ್ನ ಹಳಹಳಿ ಎಣ್ಣೆಯದಲ್ಲ. ವಿಷ ಎಂದು ಗೊತ್ತಾದ ದಿನ ಅದನ್ನು ನನ್ನ ತಾಟಿನಿಂದ ತೆಗೆಸಿದೆ, ಡಬ್ಬಿಯನ್ನು ಮಾತ್ರ ಒಲೆಯ ಪಕ್ಕದಲ್ಲೇ ಬಿಟ್ಟೆ. ತೆಗೆದದ್ದು ಎಲ್ಲಿಗೆ ಹೋಯಿತು ಎಂದು ನಾಲ್ಕು ವರ್ಷದಲ್ಲಿ ಒಂದು ದಿನವೂ ಕೇಳಲಿಲ್ಲ. ಅಷ್ಟು ಹುಡುಗರಿಗೆ ಮೂಸಲು ಕೊಟ್ಟ ಬಾಟಲಿಯನ್ನು ಅವಳ ಮೂಗಿಗೆ ಹಿಡಿದು, ನೀನೂ ತಿನ್ನಬೇಡ ಎನ್ನಲು ನನಗೆ ಎರಡು ನಿಮಿಷ ಸಾಕಾಗಿತ್ತು.

ಈಗ ಅವಳು ಆರಾಮಿದ್ದಾಳೆ, ದಂಡೆಯ ಮೇಲೆ ನಿಧಾನ ನಡೆಯುತ್ತಾಳೆ, ಅವಳು ನಿಂತಲ್ಲಿ ನಾನೂ ನಿಲ್ಲುತ್ತೇನೆ. ಡಬ್ಬಿ ಖಾಲಿ ಮಾಡುವ ಕೆಲಸ ನನ್ನದಾಯಿತು. ಅವಳು ಬೆನ್ನು ತಿರುಗಿಸಿ ನಿಂತಳು, ನೋಡಲಾಗಲಿಲ್ಲ ಅವಳಿಗೆ. ಗೇಟಿನ ಕೀಲಿಗೆ ನಾಲ್ಕು ಹನಿ ಬಿಟ್ಟ ಮೇಲೆ ಸ್ವಲ್ಪ ಸಮಾಧಾನವಾಯಿತೆಂದು ಕಾಣುತ್ತದೆ. ಒಲೆಯ ಮೇಲೆ ಈಗ ಒಂದೇ ಬೋಗುಣಿ, ಊಟಕ್ಕೆ ಇಬ್ಬರೂ ಒಟ್ಟಿಗೆ ಕೂರುತ್ತೇವೆ. ಮೊದಮೊದಲು ಅವಳಿಗೆ ನಾಚಿಕೆಯಾಗಿ ತುತ್ತು ಇಳಿಯುತ್ತಿರಲಿಲ್ಲ. ನನಗೋ ಪ್ರತಿ ತುತ್ತಿಗೂ ಅವಳ ತಾಟಿನ ಕಡೆ ಕಣ್ಣು. ಪಲ್ಯ ನಾನು ಉಣ್ಣುವುದೇ ಹೌದೋ, ಬಣ್ಣ ಕಪ್ಪಗಿಲ್ಲವಷ್ಟೆ, ನಿನ್ನೆಯದಲ್ಲವಷ್ಟೆ ಎಂದು ತಪಾಸಣೆ.

ಮೊನ್ನೆ ಅವಳಿಗೆ ಸಾಕಾಯಿತು. "ಎಷ್ಟ ವರ್ಷದ್ದು ಒಮ್ಮೆಲೇ ನೋಡಿ ಮುಗಸ್ತೀರಿ?" ಎಂದಳು. "ನನ್ನ ತಾಟು ಎಲ್ಲೂ ಓಡಿ ಹೋಗಂಗಿಲ್ಲ. ರೊಟ್ಟಿ ಆರಾಕತ್ತಾವು, ಉಣ್ರಿ."